ಲೋಣಾರ್‌ಗೆ ಹೋಗುವಾಗ ಅರಿಶಿನದ ಪುಡಿ ಇಟ್ಟುಕೊಳ್ಳಿ

ಜಾಲ್ನಾ ಸ್ಟೇಷನ್ನಿನಲ್ಲಿ ಇಳಿದಾಗ ನಾವು ಏಳು ಜನ. ನಾಲ್ವರು ಚಿತ್ರ ಬರೆಯುವವರು, ಇಬ್ಬರು ಸೂಕ್ಷ್ಮಜೀವಿಗಳ ಬಗ್ಗೆ ಓದಿದವರು, ಒಬ್ಬರು ಭೂವಿಜ್ಞಾನದ ಮೇಷ್ಟ್ರು. ನಾನು ಕುಂಚದ ಕಡೆಯವಳು. ಮಹಾರಾಷ್ಟ್ರದ ಲೋಣಾರ್ ಕೆರೆಯನ್ನು ಎಲ್ಲರೂ ಜೊತೆಗೆ ಕೂತು ನೋಡೋಣ ಅಂತ ಹೊರಟಿದ್ದೆವು.

ಬೆಂಗಳೂರಿನಿಂದ ಹೋಗುವವರು ಸಿಕಂದರಾಬಾದಿನಲ್ಲಿ ರೈಲು ಬದಲಿಸಿ ಜಾಲ್ನಾಗೆ ಬರಬಹುದು. ಅಲ್ಲಿಂದ ರಸ್ತೆಯಲ್ಲಿ ಹೆಚ್ಚುಕಡಿಮೆ 90 ಕಿ.ಮೀ. ನಾವು ಹೇಳಿಟ್ಟಿದ್ದ ಗಾಡಿ ಎರಡು ಗಂಟೆ ತಡವಾಗಿ ಬಂತು. ಶಿವಾಜಿಯ ತಾಯಿ ಜೀಜಾಬಾಯಿ ಹುಟ್ಟಿದ ಊರು ಸಿಂಧಖೇಡ್ ರಾಜಾ ದಾರಿಯಲ್ಲೇ ಇದ್ದರೂ ಕತ್ತಲಲ್ಲಿ ಏನೂ ಕಾಣಲಿಲ್ಲ. ಬೆಳಗ್ಗೆ ಜಾಲ್ನಾ ತಲುಪುವ ಹಾಗೆ ಟಿಕೆಟ್ ಮಾಡಿಸಿ.

ಮರುದಿನ ಬೆಳಗ್ಗೆ ಆರಕ್ಕೆ ಕುಳಿಯ ಅಂಚಿನಲ್ಲಿ ನಿಂತೆವು. ಸುಮಾರು 1.8 ಕಿ.ಮೀ. ಅಗಲದ ದೊಡ್ಡ ಬಾಣಲೆ. ತಳದಲ್ಲಿ ಪಾಚಿ ಹಸಿರು ನೀರು. ಆಕಾಶದಿಂದ ಬಿದ್ದ ಕಲ್ಲು ಮಾಡಿದ ಗುಂಡಿ ಇದು. ಯಾವಾಗ ಬಿತ್ತು ಅಂತ ಕೇಳಿದರೆ ಎರಡು ಉತ್ತರ ಸಿಗುತ್ತದೆ. ಹಳೆಯ ಲೆಕ್ಕದಲ್ಲಿ 50 ಸಾವಿರ ವರ್ಷದ ಹಿಂದೆ. ಆಮೇಲೆ ಕಲ್ಲಿನೊಳಗಿನ ಆರ್ಗಾನ್ ಅನಿಲವನ್ನು ಅಳೆದು ಲೆಕ್ಕ ಹಾಕಿದವರ ಪ್ರಕಾರ ಸುಮಾರು 5.7 ಲಕ್ಷ ವರ್ಷದ ಹಿಂದೆ. ಗೈಡ್ ಮೊದಲನೆಯದನ್ನು ಹೇಳಿದರೆ ಜಗಳಕ್ಕೆ ಹೋಗಬೇಡಿ.

ಸ್ಕೆಚ್ ಮಾಡುತ್ತಿದ್ದ ನನ್ನ ಗೆಳತಿ ಅಂಚಿನ ಕಪ್ಪು ಕಲ್ಲಿನ ಪದರಗಳನ್ನು ಓರೆಯಾಗಿ, ಕೆರೆಗೆ ಬೆನ್ನು ಮಾಡಿದ ಹಾಗೆ ಬರೆದಿದ್ದಳು. ಮೇಷ್ಟ್ರು ಹಿಂದಿನಿಂದ ಬಗ್ಗಿ ನೋಡಿ, "ಇದನ್ನ ನಿಮಗೆ ಯಾರು ಹೇಳಿದ್ರು?" ಅಂದರು. "ಯಾರೂ ಇಲ್ಲ ಸಾರ್, ಕಂಡದ್ದು ಬರೆದೆ" ಅಂದಳು. ಲಾವಾ ಹರಿದು ಮಟ್ಟಸವಾಗಿ ಕೂತ ಪದರಗಳು ಪೆಟ್ಟಿನ ರಭಸಕ್ಕೆ ಮೇಲೆದ್ದು ಸುತ್ತಲೂ ಹೊರಕ್ಕೆ ವಾಲಿವೆಯಂತೆ. ಕುಳಿಯ ಗುರುತೇ ಅದು. ಅಲ್ಲಿಂದಾಚೆ ಮೇಷ್ಟ್ರು ಅವಳ ಪುಸ್ತಕ ಬಿಡಲೇ ಇಲ್ಲ.

ಗೋಮುಖದ ಧಾರೆಯ ಹತ್ತಿರದಿಂದ ಕೆಳಗಿಳಿಯುವ ದಾರಿ ಇದೆ. ಧಾರೆಯ ನೀರು ಸಿಹಿ, ಕೆರೆಯದು ಸೋಡಾದಂಥ ಕ್ಷಾರ, ಉಪ್ಪು. ಹೊರಗೆ ಹರಿದುಹೋಗಲು ದಾರಿಯೇ ಇಲ್ಲ. ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಊರವರ ಕತೆಯಲ್ಲಿ ಇಲ್ಲಿ ವಿಷ್ಣು ಲವಣಾಸುರನನ್ನು ಕೊಂದ. ಹೆಸರಲ್ಲೇ ಉಪ್ಪು ಇದೆ, ನೋಡಿ. ಆ ವಿಷ್ಣುವಿನ ದೈತ್ಯಸೂದನ ಗುಡಿ ಊರೊಳಗಿದೆ. ಲಕ್ಕುಂಡಿ ನೋಡಿದವರಿಗೆ ಅದರ ಮೂಲೆಮೂಲೆಯಾದ ಗೋಡೆ ಎಲ್ಲೋ ಕಂಡ ಹಾಗಿರುತ್ತದೆ.

ದಡ ಹತ್ತಿರವಾದಂತೆ ಕೊಳೆತ ಮೊಟ್ಟೆಯ ವಾಸನೆ. ಹತ್ತು ನಿಮಿಷಕ್ಕೆ ಮೂಗಿಗೆ ಅಭ್ಯಾಸವಾಗುತ್ತದೆ. ಗಟ್ಟಿ ನೆಲ ಅಂದುಕೊಂಡು ಕಾಲಿಡಬೇಡಿ. ಮೇಲೆ ಬಿಳಿ ಹಪ್ಪಳದ ಹಾಗೆ ಕಂಡರೂ ಕೆಳಗೆ ಕೆಸರು. ನನ್ನ ಒಂದು ಶೂ ಅಲ್ಲೇ ಕಚ್ಚಿಕೊಂಡು, ಇಬ್ಬರು ಸೇರಿ ಎಳೆಯಬೇಕಾಯಿತು.

ನನಗೆ ಮರೆಯಲಾಗದ್ದು ಅರಿಶಿನ. ಸೂಕ್ಷ್ಮಜೀವಿಯವರು ನೀರಿನ ಸ್ಯಾಂಪಲ್‌ಗೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ತಂದಿದ್ದರು. ಅದರಲ್ಲೇ ಒಂದು ಬಾಟಲಿ ಮುಚ್ಚಳದಷ್ಟು ನನಗೂ ಕೊಟ್ಟರು. ಕಾಗದಕ್ಕೆ ಅರಿಶಿನ ಬಳಿದು ಒಣಗಿಸಿದ್ದೆ. ಕೆರೆಯ ನೀರಿನಲ್ಲಿ ಕುಂಚ ಅದ್ದಿ ಒಂದು ಗೆರೆ ಎಳೆದೆ. ಹಳದಿಯ ಮೇಲೆ ಕೆಂಪು ಗೆರೆ! ನಮ್ಮ ಮನೆಗಳಲ್ಲಿ ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡುತ್ತಾರಲ್ಲ, ಅದೇ ಲೆಕ್ಕ. ಇಲ್ಲಿ ಕ್ಷಾರ ಕೆರೆಯಲ್ಲೇ ಇದೆ, ಪಿಎಚ್ ಹತ್ತರ ಆಸುಪಾಸು (ಏಳು ದಾಟಿದರೆ ಕ್ಷಾರ). ಕೆರೆಯ ಚಿತ್ರವನ್ನು ಕೆರೆಯ ನೀರಿನಲ್ಲೇ ಬರೆದೆ. ಒಣಗಿದ ಮೇಲೆ ಅಂಚಿನಲ್ಲಿ ಉಪ್ಪಿನ ಹರಳು ಮಿನುಗಿತು.

2020ರ ಜೂನಿನಲ್ಲಿ ಇಡೀ ಕೆರೆ ಗುಲಾಬಿಯಾಗಿದ್ದು ಪೇಪರಿನಲ್ಲಿ ಓದಿರಬಹುದು. ಉಪ್ಪು ಜಾಸ್ತಿಯಾದಾಗ ಹೆಚ್ಚುವ ಹ್ಯಾಲೋಆರ್ಕಿಯಾ ಎಂಬ ಸೂಕ್ಷ್ಮಜೀವಿಗಳೇ ಕಾರಣ ಅಂತ ಪುಣೆಯ ಅಘಾರ್ಕರ್ ಸಂಸ್ಥೆ ಹೇಳಿತು. ಆ ಬಣ್ಣ ನೋಡಬೇಕು ಅಂತಲೇ ಹೋಗಬೇಡಿ, ಅದು ದಿನಾ ಸಿಗುವುದಲ್ಲ.

ಇದು ಅಭಯಾರಣ್ಯ, 2020ರಿಂದ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಕೂಡ. ಅನುಮತಿ ಇಲ್ಲದೆ ನೀರು, ಕಲ್ಲು ಏನನ್ನೂ ತೆಗೆಯಬೇಡಿ. ದಡದ ಕಮಲಜಾ ದೇವಿ ಗುಡಿಗೆ ನವರಾತ್ರಿಯಲ್ಲಿ ಜನ ಜಾಸ್ತಿ, ಕೂತು ಚಿತ್ರ ಬರೆಯಲು ಆಗ ಬೇಡ. ನೀರು ಏರಿದ್ದರೆ ದಡದ ದಾರಿ ಸಿಗದು, ಇಳಿಯುವ ಮೊದಲು ಮೇಲೆಯೇ ಕೇಳಿಕೊಳ್ಳಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು ಹೊತ್ತುಕೊಳ್ಳಿ, ಹತ್ತುವಾಗ ಬೇಕೇ ಬೇಕು.

ಅರಿಶಿನದ ಚಿತ್ರ ಮನೆಯ ಕಿಟಕಿ ಪಕ್ಕ ಇಟ್ಟಿದ್ದೆ. ಬಿಸಿಲಿಗೆ ಕೆಂಪೆಲ್ಲ ಕಂದು ಕಲೆಯಾಯಿತು. ಮೇಷ್ಟ್ರಿಗೆ ಫೋಟೋ ಕಳಿಸಿದೆ. "ಬೀರುವಿನಲ್ಲಿ ಇಡಬೇಕಿತ್ತಮ್ಮಾ" ಅಂತ ಉತ್ತರ ಬಂತು.