‘ಕೊ’ ಪಟ್ಟಿಯಲ್ಲಿ ಸಿಗದ ಹಾಡು

ಜಪಾನಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ತುಂಬಾ ಇಷ್ಟವಾದದ್ದು ಒಂದು ಕರೋಕೆ ಪ್ರಾಜೆಕ್ಟ್. ಹಾಡು ನುಡಿಸುವ ಭಾಗ ಬೇರೆಯವರದು. ಹಾಡು ಹುಡುಕುವ ಪರದೆ ನಮ್ಮದು. ವಯಸ್ಸಾದವರು ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗುವ ಹಗಲು ಕೇಂದ್ರಗಳಿಗೆ ಆ ಯಂತ್ರ ಹೋಗುತ್ತಿತ್ತು. ಅಲ್ಲಿ ಊಟ ಆದ ಮೇಲೆ ಎಲ್ಲರೂ ಸೇರಿ ಹಾಡುತ್ತಾರೆ.

ಪರದೆ ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಬಲತುದಿಯಲ್ಲಿ ಮೇಲಿನಿಂದ ಕೆಳಕ್ಕೆ ಜಪಾನಿ ಅಕ್ಷರಗಳ ಬಟನ್‌ಗಳು: ಅ, ಇ, ಉ, ಎ, ಒ. ಅದರ ಎಡಕ್ಕೆ ಕ, ಕಿ, ಕು, ಕೆ, ಕೊ. ಹಾಗೇ ಮುಂದೆ ಸ, ತ, ನ, ಹ, ಮ, ಯ, ರ, ವ. ಒಮ್ಮೆ ಜೋರಾಗಿ ಓದಿ ನೋಡಿ. ನಮ್ಮ ವರ್ಣಮಾಲೆಯ ನೆಂಟನ ಹಾಗಿದೆ ಅಲ್ವಾ? ನಿಜವಾಗಿಯೂ ನೆಂಟನೇ. ಜಪಾನಿನ ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿ, ಸಂಸ್ಕೃತದ ಉಚ್ಚಾರ ಕಲಿಯುತ್ತಿದ್ದರು. ಆ ಕಲಿಕೆಯಿಂದಲೇ ಈ ಕ್ರಮ ಬಂತು. ಈಗಿನ ‘ಹ’ ಸಾಲು ಬಹಳ ಹಿಂದೆ ‘ಪ’ ಆಗಿತ್ತು. ನಮ್ಮಲ್ಲಿ ಪಾಲು ಹಾಲಾಯಿತು, ಪೂ ಹೂವಾಯಿತು. ಅಲ್ಲೂ ಹಾಗೇ ಆಗಿದೆ. ಅದಕ್ಕೇ ಅವರ ‘ಹ’ ಇವತ್ತಿಗೂ ‘ನ’ಕ್ಕೂ ‘ಮ’ಕ್ಕೂ ನಡುವೆ, ನಮ್ಮ ‘ಪ’ ಕೂರುವ ಜಾಗದಲ್ಲೇ ಕೂತಿದೆ. ಇದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಮನೆಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದ್ದೆ.

ಈ ಖುಷಿಯಲ್ಲೇ ಕೆಲಸ ಸುಲಭ ಅಂದುಕೊಂಡೆ. ಒಂದೇ ಶಬ್ದದಿಂದ ಶುರುವಾಗುವ ಹಾಡುಗಳನ್ನು ಒಂದೇ ಬಟನ್ ಕೆಳಗೆ ತರುವುದು ತಾನೇ, ಅಂತ.

‘ಸಕುರ’ ಅಂದರೆ ಚೆರ್ರಿ ಹೂವು. ಈ ಶಬ್ದದಿಂದ ಶುರುವಾಗುವ ಹಾಡುಗಳಿಗೆ ಜಪಾನಿನಲ್ಲಿ ಲೆಕ್ಕವಿಲ್ಲ. ಆದರೆ ಹೆಸರು ಬರೆಯುವ ರೀತಿ ಬೇರೆ ಬೇರೆ. ಹಿರಗಾನ, ಕತಕಾನ ಅಂದರೆ ಉಚ್ಚಾರವನ್ನು ಬರೆಯುವ ಎರಡು ಜಪಾನಿ ಲಿಪಿಗಳು. ಕಾಂಜಿ ಅಂದರೆ ಚೀನಾದಿಂದ ಬಂದ, ಅರ್ಥ ಹೇಳುವ ಅಕ್ಷರಗಳು. ಮೊರಿಯಾಮ ನವೊತರೊ 2003ರಲ್ಲಿ ಹಾಡಿದ್ದು ಹಿರಗಾನ ಅಕ್ಷರದಲ್ಲಿದೆ. ಕೊಬುಕುರೊ ಅವರ 2005ರ ಹಾಡು ಒಂದೇ ಒಂದು ಕಾಂಜಿ ಅಕ್ಷರದಲ್ಲಿದೆ. ಇಕಿಮೊನೊಗಕರಿ ತಂಡ 2006ರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿತು. ಆಂಜೆಲಾ ಅಕಿ 2007ರಲ್ಲಿ ‘ಸಕುರ ಇರೊ’ ಹಾಡಿನ ಸಕುರವನ್ನು ಕತಕಾನದಲ್ಲಿ ಬರೆದರು. ಬಾಯಲ್ಲಿ ನಾಲ್ಕೂ ‘ಸಕುರ’ವೇ. ಕಂಪ್ಯೂಟರ್‌ಗೆ ಬಿಟ್ಟರೆ ನಾಲ್ಕೂ ನಾಲ್ಕು ದಿಕ್ಕಿಗೆ ಹೋಗುತ್ತವೆ. ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಇಟ್ಟುಕೊಳ್ಳುವ ಯೂನಿಕೋಡ್ ಸಂಖ್ಯೆಯ ಪ್ರಕಾರ ಇಂಗ್ಲಿಷ್ ಮೊದಲು, ಆಮೇಲೆ ಹಿರಗಾನ, ಆಮೇಲೆ ಕತಕಾನ. ಕಾಂಜಿ ತುಂಬಾ ದೂರದಲ್ಲಿ, ‘ಮರ’ ಎಂಬ ಅಂಗ ಇರುವ ಅಕ್ಷರಗಳ ಗುಂಪಿನಲ್ಲಿ.

ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ. ಹಾಗಾಗಿ ಇಂಥ ತೊಂದರೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಜಪಾನಿನಲ್ಲಿ ಪ್ರತಿ ಹಾಡಿಗೂ ಎರಡು ಹೆಸರು ಇಡಬೇಕು. ಒಂದು ಬರೆಯುವ ಹೆಸರು. ಇನ್ನೊಂದು ಓದುವ ಹೆಸರು. ಇದಕ್ಕೆ ‘ಯೋಮಿ’ ಅನ್ನುತ್ತಾರೆ. ವಿಂಗಡಣೆ ಎಲ್ಲ ಯೋಮಿಯ ಮೇಲೆಯೇ. ನಮಗೆ ಬಂದ ಹಳೆಯ ಪಟ್ಟಿಯಲ್ಲಿ ಎಷ್ಟೋ ಹಾಡುಗಳಿಗೆ ಯೋಮಿ ಇರಲಿಲ್ಲ. ನಾನು ಒಂದು ನಿಘಂಟಿನ ಪ್ರೋಗ್ರಾಂ ಓಡಿಸಿ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ತುಂಬಿಸಿದೆ. ಅಲ್ಲಲ್ಲಿ ಹತ್ತಿಪ್ಪತ್ತು ಹಾಡು ತೆಗೆದು ನೋಡಿದೆ. ಸರಿ ಇತ್ತು. ಯಂತ್ರಗಳು ಕೇಂದ್ರಗಳಿಗೆ ಹೋದವು.

ಒಂದು ತಿಂಗಳಾದ ಮೇಲೆ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಜೊತೆ ಒಂದು ಕೇಂದ್ರಕ್ಕೆ ಹೋದೆ. ಕರೋಕೆ ಅಂಗಡಿಗಳಲ್ಲಿ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ ಹಾಡಿನ ಪುಸ್ತಕ ಇರುತ್ತಿದ್ದ ಕಾಲದಿಂದ ಅವರು ಇದೇ ಕೆಲಸದಲ್ಲಿದ್ದವರು. ಅಲ್ಲಿ ಒಬ್ಬ ಅಜ್ಜಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಪರದೆಯನ್ನು ಅವರ ಮಡಿಲ ಹತ್ತಿರ ಹಿಡಿದೆವು. ಬೆರಳು ಸ್ವಲ್ಪ ನಡುಗುತ್ತಿತ್ತು. ಬಲದಿಂದ ಎರಡನೇ ಸಾಲಿಗೆ ಹೋಗಿ, ಒಂದೊಂದೇ ಅಕ್ಷರ ಇಳಿದು, ಕಡೆಯ ‘ಕೊ’ ಒತ್ತಿದರು. ಪಟ್ಟಿ ಬಂತು. ‘ಕೊಯಿ’ ಅಂದರೆ ಪ್ರೇಮ. ಅದರ ಹಾಡುಗಳು ಸಾಲಾಗಿ ಬಂದವು. ‘ಕೊಯಿ ನೊ ಬಕನ್ಸು’, ‘ಕೊಯಿಬಿತೊ ಯೊ’. ಆಮೇಲೆ ‘ಕೋಕೋ ಸನ್ನೆನ್ಸೇ’. ಅಜ್ಜಿ ಪಟ್ಟಿಯನ್ನು ಕೆಳಗಿನವರೆಗೂ ಸರಿಸಿದರು. ಮತ್ತೆ ಮೇಲೆ ತಂದರು. ಮತ್ತೆ ಕೆಳಗೆ.

“ಕೊಸುಮೊಸು ಇಲ್ಲವಲ್ಲಪ್ಪ, ತೆಗೆದುಬಿಟ್ಟಿರಾ?” ಅಂತ ಕೇಳಿದರು.

ಯಮಗುಚಿ ಮೊಮೊಯೆ 1977ರಲ್ಲಿ ಹಾಡಿದ ಹಾಡು ಅದು. ಬರೆದವರು ಸದ ಮಸಶಿ. ಮದುವೆಯಾಗಿ ಹೊರಡುವ ಮಗಳು, ಹಿಂದಿನ ದಿನ ತಾಯಿಯ ಜೊತೆ ಕಳೆಯುವ ಹೊತ್ತು. ಆ ವಯಸ್ಸಿನ ಎಷ್ಟೋ ಹೆಂಗಸರಿಗೆ ಅದು ಬಾಯಿಪಾಠ. ಹಾಡು ನಮ್ಮಲ್ಲಿತ್ತು. ಆದರೆ ಹೆಸರನ್ನು ಬರೆಯುವುದು ಎರಡು ಕಾಂಜಿಯಲ್ಲಿ: ಶರತ್ಕಾಲ, ಚೆರ್ರಿ. ಅಕ್ಷರ ಹಿಡಿದು ಓದಿದರೆ ‘ಅಕಿಝಕುರ’. ಆದರೆ ಹಾಡಿನ ಹೆಸರು ಕೊಸುಮೊಸು, ನಮ್ಮ ತೋಟಗಳಲ್ಲೂ ಬೆಳೆಯುವ ಕಾಸ್ಮಾಸ್ ಹೂವು. ನನ್ನ ಪ್ರೋಗ್ರಾಂ ಅಕ್ಷರ ನೋಡಿ ಅದನ್ನು ‘ಅ’ ಕೆಳಗೆ ಹಾಕಿತ್ತು.

ರೈಲಿನಲ್ಲಿ ವಾಪಸ್ ಬರುವಾಗ ನಾನು ಮಾತಾಡಲಿಲ್ಲ. ಆ ಹಿರಿಯರು ಬೈಯಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು. “ಆ ಹಾಡನ್ನು ನೀವು ಕೇಳಿದ್ದೀರಾ?” ಕೇಳಿರಲಿಲ್ಲ. ಅವರು ತಮ್ಮ ಫೋನಿನಲ್ಲಿ ಹಾಕಿ ಇಯರ್‌ಫೋನಿನ ಒಂದು ತುದಿ ನನಗೆ ಕೊಟ್ಟರು. ಮೊದಲ ಸಾಲಿನಲ್ಲೇ ಕೊಸುಮೊಸು ಅನ್ನುವ ಮಾತಿದೆ. ಅರ್ಧ ನಿಮಿಷ ಕೇಳಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ.

ಮರುದಿನದಿಂದ ಅವರೂ ನಾನೂ ದಿನಾ ಮಧ್ಯಾಹ್ನ ಒಂದು ಗಂಟೆ ಕೂತೆವು. ಎರಡು ಬೇರೆ ನಿಘಂಟುಗಳಿಂದ ಯೋಮಿ ತೆಗೆದು, ಎಲ್ಲಿ ಹೊಂದುವುದಿಲ್ಲವೋ ಆ ಹಾಡುಗಳನ್ನು ಬೇರೆ ಮಾಡಿದೆ. ಅವನ್ನು ಒಂದೊಂದಾಗಿ ಕೇಳಿದೆವು. ಹಾಡಿನೊಳಗೆ ಹೆಸರು ಬಾರದಿದ್ದರೆ ಹಾಡು ಹೊರತಂದವರು ಕೊಟ್ಟ ಯೋಮಿಯನ್ನೇ ಹುಡುಕಿ ತೆಗೆದೆವು.

ಆ ಒಂದು ಗಂಟೆಯಲ್ಲಿ ನಾನು ಕಲಿತಷ್ಟು ಜಪಾನಿ ಭಾಷೆಯನ್ನು ಯಾವ ತರಗತಿಯಲ್ಲೂ ಕಲಿಯಲಿಲ್ಲ. ಕಣ್ಣೀರಿನ ಕಾಂಜಿಯನ್ನು ‘ನಮಿದ’ ಅಂತ ಓದುತ್ತಾರೆ. ಆದರೆ ‘ನದ ಸೋ ಸೋ’ ಹಾಡಿನಲ್ಲಿ ಅದೇ ಅಕ್ಷರ ‘ನದ’ ಆಗುತ್ತದೆ, ಯಾಕೆಂದರೆ ಅದು ಜಪಾನಿನ ದಕ್ಷಿಣದ ಒಕಿನಾವ ದ್ವೀಪಗಳ ಮಾತು. ಮೊರಿಯಾಮ ರಿಯೊಕೊ ತೀರಿಹೋದ ಅಣ್ಣನನ್ನು ನೆನೆದು ಬರೆದದ್ದು. ರಾಗ ಒಕಿನಾವದ ಬಿಗಿನ್ ತಂಡದ್ದು. 2001ರಲ್ಲಿ ನತ್ಸುಕವ ರಿಮಿ ಹಾಡಿದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು. ‘ಸಕುರ’ ಹಾಡಿದ ನವೊತರೊ ಈ ರಿಯೊಕೊ ಅವರ ಮಗ. ನನ್ನ ಪ್ರೋಗ್ರಾಂ ಆ ಹಾಡಿಗೆ ‘ನಮಿದ’ ಅಂತಲೇ ಹೆಸರಿಟ್ಟಿತ್ತು. ಒಂದು ಊರಿನ ಮಾತನ್ನೇ ಅಳಿಸಿ ಹಾಕಿದ ಹಾಗೆ ಅನ್ನಿಸಿ ಮನಸ್ಸಿಗೆ ಕಷ್ಟವಾಯಿತು.

ಅಂಕಿಗಳದ್ದು ಇನ್ನೊಂದು ಕಥೆ. ಸಯಾಮ್ ಶೇಡ್ ತಂಡದ 1997ರ ಹಾಡಿನ ಹೆಸರು 1/3 ಅಂತ ಶುರುವಾಗುತ್ತದೆ. ಮೊದಲು ಕಾಣುವುದು ಒಂದು, ಜಪಾನಿಯಲ್ಲಿ ‘ಇಚಿ’. ಹಾಗಾಗಿ ಪ್ರೋಗ್ರಾಂ ಅದನ್ನು ‘ಇ’ ಕೆಳಗೆ ಹಾಕಿತ್ತು. ಆದರೆ ಓದುವುದು ‘ಸನ್‌ಬುನ್ ನೊ ಇಚಿ’, ಅಂದರೆ ಮೂರರಲ್ಲಿ ಒಂದು. ನಾವೂ ಹಾಗೇ ಹೇಳುತ್ತೇವಲ್ಲ! ಇದೊಂದನ್ನು ನಾನೇ ಮೊದಲು ಹಿಡಿದೆ, ಕನ್ನಡದವನಾಗಿದ್ದಕ್ಕೆ. ಅದು ‘ಸ’ಕ್ಕೆ ಬಂತು. ರೆಮಿಯೊರೊಮೆನ್ ತಂಡದ 2004ರ ಹಾಡಿನ ಹೆಸರು ಬರೀ ಒಂದು ತಾರೀಖು, ಮಾರ್ಚ್ 9. ‘ಸನ್‌ಗತ್ಸು ಕೊಕೊನೊಕ’ ಅಂತ ಅದೂ ‘ಸ’ಕ್ಕೇ ಬಂತು. ಸುಯಿಝೆನ್‌ಜಿ ಕಿಯೊಕೊ 1968ರಲ್ಲಿ ಹಾಡಿದ 365 ಹೆಜ್ಜೆಗಳ ಹಾಡೂ ಅಲ್ಲಿಗೇ. ಜಾಗ ತಪ್ಪಿ ಬಿದ್ದಿದ್ದ ಹಾಡುಗಳೆಲ್ಲ ಮನೆಗೆ ಬಂದ ಹಾಗಿತ್ತು.

ಪಟ್ಟಿ ಸರಿಯಾಗುತ್ತಾ ಹೋದ ಹಾಗೆ ಇನ್ನೊಂದು ಕಾಣತೊಡಗಿತು. ‘ಕಿತ’ ಅಂದರೆ ಉತ್ತರ ದಿಕ್ಕು. ‘ಕಿ’ ಒತ್ತಿದರೆ ‘ಕಿತಗುನಿ ನೊ ಹರು’, ‘ಕಿತಸಕಬ’, ‘ಕಿತ ನೊ ಯಾದೊ ಕರ’ ಹತ್ತಿರ ಹತ್ತಿರ ಬರುತ್ತವೆ. ವಿಂಗಡಿಸುವಾಗ ‘ಗ’ವನ್ನು ‘ಕ’ ಅಂತಲೇ ಎಣಿಸುವುದರಿಂದ ಮೊದಲನೆಯದು ಮೊದಲು. ಉತ್ತರದ ಊರಿನ ವಸಂತ, ಉತ್ತರದ ಹೆಂಡದಂಗಡಿ, ಉತ್ತರದ ವಸತಿಯಿಂದ ಬರೆದ ವಿರಹ. ಎಂಕ ಅನ್ನುವ ಜಪಾನಿನ ಹಳೆಯ ಭಾವುಕ ಹಾಡುಗಳಲ್ಲಿ ಬಿಟ್ಟು ಬಂದ ಊರು, ಚಳಿ, ಅಗಲಿಕೆ ಎಷ್ಟೋ ಸಲ ಉತ್ತರದಲ್ಲೇ ಇರುತ್ತವೆ. ಪಟ್ಟಿ ಹಾಳಾಗಿದ್ದಾಗ ಇವು ಪಕ್ಕಪಕ್ಕ ಬಂದಿರಲೇ ಇಲ್ಲ. ಒಂದು ಹಾಡು ಹುಡುಕಲು ಬಂದವರು ಪಕ್ಕದ್ದನ್ನು ನೋಡಿ “ಅಯ್ಯೋ, ಇದೂ ಇದೆ!” ಅನ್ನುವುದನ್ನು ಆಮೇಲೆ ಎಷ್ಟೋ ಸಲ ನೋಡಿದೆ. ಪಟ್ಟಿ ಇರುವುದೇ ಅದಕ್ಕೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಒಂದು ವಿಷಯಕ್ಕೆ ಮಾತ್ರ ಟೀಮಿನಲ್ಲಿ ಜಗಳವಾಯಿತು. ಒಂದು ಹಾಡಿಗೆ ಒಂದೇ ಜಾಗ, ಅದು ಪುಸ್ತಕದ ಕಾಲದಿಂದ ಬಂದ ನಿಯಮ. ನಾನು ಎರಡು ಜಾಗ ಬೇಕು ಅಂದೆ. ಅಕ್ಷರ ನೋಡಿ ‘ಅಕಿಝಕುರ’ ಅಂತ ಹುಡುಕುವ ಚಿಕ್ಕ ವಯಸ್ಸಿನ ಸಿಬ್ಬಂದಿ ಇದ್ದಾರೆ. ಅವರಿಗೂ ಸಿಗಬೇಕು. ಸಕಮೊತೊ ಕ್ಯೂ ಅವರ 1961ರ ‘ಉಎ ಒ ಮುಯಿತೆ ಅರುಕೋ’ ಹಾಡು ಇದೆಯಲ್ಲ, ಅದು 1963ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಲ್ಲಿ ಅದರ ಹೆಸರು ‘ಸುಕಿಯಾಕಿ’, ಒಂದು ಅಡುಗೆಯ ಹೆಸರು! ಹೊರದೇಶದಿಂದ ಬಂದ ನರ್ಸ್ ‘ಸು’ ಒತ್ತಿದರೆ ಏನೂ ಬರಬಾರದಾ? ಮೂರು ವಾರ ಮಾತಾಡಿದ ಮೇಲೆ ಒಪ್ಪಿದರು. ಪಟ್ಟಿಯಲ್ಲಿ ಕಾಣುವುದು ನಿಜವಾದ ಯೋಮಿ ಒಂದೇ. ಹುಡುಕಿದರೆ ಎರಡೂ ಸಿಗುತ್ತವೆ.

ಹೊಸ ಪಟ್ಟಿ ಹಾಕಿದ ವಾರ ಅದೇ ಕೇಂದ್ರಕ್ಕೆ ನಾನೇ ಕೇಳಿಕೊಂಡು ಹೋದೆ. ಅಜ್ಜಿ ‘ಕೊ’ ಒತ್ತಿದರು. ಪ್ರೇಮದ ಹಾಡುಗಳು ಹೋದವು. ‘ಕೋಕೋ ಸನ್ನೆನ್ಸೇ’ ಹೋಯಿತು. ‘ಕೊಕೊ ನಿ ಸಚಿ ಅರಿ’, ‘ಕೊಜೋ’, ಅದರ ಕೆಳಗೆ ‘ಕೊಸುಮೊಸು’. ಅವರು ಹೆಸರಿನ ಮೇಲೆ ಬೆರಳಿಟ್ಟು ಒಂದು ಕ್ಷಣ ಹಾಗೇ ಇದ್ದರು. ಆಮೇಲೆ ಒತ್ತಿದರು. ಮೊದಲ ಸಾಲು ಅವರೇ ಹಾಡಿದರು. ಎರಡನೇ ಸಾಲಿಗೆ ಪಕ್ಕದ ಮೇಜಿನವರೂ ಸೇರಿಕೊಂಡರು. ನಾನೂ ಹಿಂದೆ ನಿಂತು ಮೆಲ್ಲಗೆ ಹಾಡಿದೆ. ಅಷ್ಟು ಹೊತ್ತಿಗೆ ನನಗೂ ಬಾಯಿಪಾಠ ಆಗಿತ್ತು.