ಈ ಕಾಗದ ಯಾರದು? ಬೆಳಗಾವಿಯಲ್ಲಿ ಕೂತು ಹವಾಯಿ ಬೋಟುಗಳ ಪರ್ಮಿಟ್ ನೋಡುವ ಕೆಲಸ

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಸಣ್ಣ ಬ್ಯಾಕ್ ಆಫೀಸಿನಲ್ಲಿದ್ದೇನೆ. ಅಮೆರಿಕದ ಲಾಂಗ್‌ಲೈನ್ ಮೀನುಗಾರಿಕೆ ಬೋಟುಗಳ ಪರ್ಮಿಟ್ ಫೈಲುಗಳನ್ನು ತಿರುವಿ ನೋಡಿ, ಕೊರತೆ ಇದ್ದರೆ ಅಲ್ಲಿನ ಏಜೆಂಟರಿಗೆ ತಿಳಿಸುವುದು ನಮ್ಮ ಕೆಲಸ. ಹೆಚ್ಚಿನವು ಹವಾಯಿಯ ಹೊನೊಲುಲು ಬಂದರಿನ ಬೋಟುಗಳು. ಸಮುದ್ರವೇ ಇಲ್ಲದ ಊರಲ್ಲಿ ಇದೆಂಥ ಕೆಲಸ ಅಂತ ನೆಂಟರೆಲ್ಲ ನಗುತ್ತಾರೆ, ನಗಲಿ.

ಲಾಂಗ್‌ಲೈನ್ ಅಂದರೆ ಬಲೆ ಅಲ್ಲ. ಒಂದೇ ಉದ್ದನೆಯ ದಾರ, ಅದಕ್ಕೆ ಇಳಿಬಿಟ್ಟ ಸಾವಿರಾರು ಗಾಳ, ನಡುನಡುವೆ ತೇಲುವ ಬೆಂಡು. ದಾರದ ಒಂದು ತುದಿ ಬೆಳಗಾವಿಯಲ್ಲಿದ್ದರೆ ಇನ್ನೊಂದು ಕಿತ್ತೂರಿನಲ್ಲಿ ಅಂತ ಅಂದುಕೊಳ್ಳಿ, ಅಷ್ಟು ಉದ್ದ. ಇಷ್ಟು ಗಾಳಕ್ಕೆ ಟ್ಯೂನಾ ಮೀನಿನ ಜೊತೆ ಆಮೆ, ಕಡಲ ಹಕ್ಕಿಗಳೂ ಸಿಕ್ಕಿಕೊಳ್ಳುತ್ತವೆ. ನಿಯಮಗಳು ಇಷ್ಟೊಂದು ಇರುವುದಕ್ಕೆ ಅದೂ ಒಂದು ಕಾರಣ.

ಹೊಸದಾಗಿ ಸೇರಿದ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ: "ಮೇಡಂ, ಪರ್ಮಿಟ್ ಐತಲ್ರಿ, ಇನ್ನೇನ್ ಬೇಕು?" ನಾನು ತಿರುಗಿ ಕೇಳುತ್ತೇನೆ, ಆ ಪರ್ಮಿಟ್ ಯಾರದು? ಬೋಟಿನದೋ, ಮಾಲೀಕರದೋ, ಕ್ಯಾಪ್ಟನ್‌ದೋ? ಅವಧಿ ಯಾವಾಗ ಮುಗಿಯುತ್ತದೆ ಅನ್ನುವುದು ಆಮೇಲಿನ ಮಾತು. ಈ ಕೆಲಸದಲ್ಲಿ ನಾನು ಕಲಿತಿದ್ದು ಮುಖ್ಯವಾಗಿ ಇದನ್ನೇ.

ಹವಾಯಿಯ ಲಾಂಗ್‌ಲೈನ್ ಪರ್ಮಿಟ್ ಇರುವುದೇ ಹೆಚ್ಚೆಂದರೆ 164. ಅದು ಮಾಲೀಕರ ಆಸ್ತಿ ಇದ್ದ ಹಾಗೆ. ಒಂದು ಬೋಟಿಗೆ ನೋಂದಾಯಿಸಿರುತ್ತಾರೆ, ಬೇಕಾದಾಗ ಇನ್ನೊಂದಕ್ಕೆ ವರ್ಗಾಯಿಸಬಹುದು. ಆದರೆ ಆ ಬೋಟ್ 101 ಅಡಿಗಿಂತ ಉದ್ದ ಇರುವಂತಿಲ್ಲ. ಅಮೆರಿಕದ ಜಲವಲಯ ದಾಟಿ ಅಂತರರಾಷ್ಟ್ರೀಯ ಸಮುದ್ರದಲ್ಲಿ ಮೀನು ಹಿಡಿಯಲು ಬೇರೆಯದೇ ಪರ್ಮಿಟ್ ಬೇಕು. ಅದರ ಅವಧಿ 5 ವರ್ಷ, ವರ್ಗಾವಣೆ ಇಲ್ಲ. ಕೋಸ್ಟ್ ಗಾರ್ಡ್ ಕೊಡುವ ದಾಖಲೆ ಪತ್ರ ಬೋಟಿನದು. ಅದರಲ್ಲಿರುವ ನಂಬರೇ ಬೋಟಿನ ಮೈಮೇಲೂ ಇರಬೇಕು, ಬೆಂಡುಗಳ ಮೇಲೂ ಇರಬೇಕು.

ಇನ್ನು ಆಮೆ, ಹಕ್ಕಿಗಳ ರಕ್ಷಣೆಯ ತರಬೇತಿ ಪ್ರಮಾಣಪತ್ರ. ಇದು ಮನುಷ್ಯನ ಕಾಗದ. ಹವಾಯಿಯಲ್ಲಿ ಮಾಲೀಕರೂ ಕ್ಯಾಪ್ಟನ್ನೂ ಪ್ರತಿ ವರ್ಷ ತರಬೇತಿ ಮುಗಿಸಬೇಕು. ಕ್ಯಾಪ್ಟನ್ ಕೆಲಸ ಬಿಟ್ಟರೆ ಪ್ರಮಾಣಪತ್ರವೂ ಅವರ ಜೊತೆಗೇ ಹೋಯಿತು, ಹೊಸಬರದ್ದು ಬೇರೆ ಬೇಕು. ಅಮೆರಿಕದ ಅಟ್ಲಾಂಟಿಕ್ ಕಡೆಯ ಫೈಲು ನೋಡಿ ಬಂದವರು ಇಲ್ಲಿ ಎಡವುತ್ತಾರೆ, ಯಾಕೆಂದರೆ ಅಲ್ಲಿ ಇದೇ ಬಗೆಯ ಪ್ರಮಾಣಪತ್ರ 3 ವರ್ಷ ನಡೆಯುತ್ತದೆ. ಅಲ್ಲಿಯದು ಇನ್ನೊಂದು ತರಲೆ. ಟ್ಯೂನಾ, ಸ್ವೋರ್ಡ್‌ಫಿಶ್, ಶಾರ್ಕ್ ಮೂರರ ಪರ್ಮಿಟ್ಟೂ ಒಟ್ಟಿಗೆ ಇರಬೇಕು. ಒಂದಿಲ್ಲ ಅಂದರೆ ಟ್ಯೂನಾ ಲಾಂಗ್‌ಲೈನ್ ಪರ್ಮಿಟ್ ಸುಮ್ನೆ ಕಾಗದ.

ನಮ್ಮ ತಲೆ ಜಾಸ್ತಿ ತಿನ್ನುವುದು ಮಾತ್ರ ಹವಾಯಿಯ 72 ಗಂಟೆಯ ನಿಯಮ. ಬೋಟ್ ಬಂದರು ಬಿಡುವ 72 ಗಂಟೆ ಮೊದಲೇ ಸರ್ಕಾರಕ್ಕೆ ತಿಳಿಸಬೇಕು. ಬೋಟಿನ ಹೆಸರು, ನಂಬರು, ಕ್ಯಾಪ್ಟನ್ ಯಾರು, ಯಾವಾಗ ಎಲ್ಲಿಂದ ಹೊರಡುತ್ತದೆ, ಗಾಳ ಬಿಡುವುದು ಆಳದಲ್ಲೋ ಮೇಲ್ಮಟ್ಟದಲ್ಲೋ, ಎಲ್ಲ ಹೇಳಬೇಕು. ಎರಡು ಬೆಂಡುಗಳ ನಡುವೆ 15ಕ್ಕಿಂತ ಕಡಿಮೆ ಗಾಳದ ದಾರ ಇದ್ದರೆ ಅದು ಮೇಲ್ಮಟ್ಟದ್ದು, ಅದಕ್ಕೆ ನಿಯಮಗಳು ಇನ್ನೂ ಬಿಗಿ. ಇಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ಈ 72 ಗಂಟೆಯಲ್ಲಿ ಶನಿವಾರ, ಭಾನುವಾರ, ಅಮೆರಿಕದ ಕೇಂದ್ರ ಸರ್ಕಾರದ ರಜೆ ಯಾವುದೂ ಲೆಕ್ಕಕ್ಕಿಲ್ಲ.

ಒಂದು ಬೋಟ್ ಮಂಗಳವಾರ ಬೆಳಿಗ್ಗೆ 8ಕ್ಕೆ ಹೊರಡುತ್ತದೆ ಅನ್ನಿ. ಹಿಂದಕ್ಕೆ ಎಣಿಸುತ್ತಾ ಹೋದರೆ ಗುರುವಾರ ಬೆಳಿಗ್ಗೆ 8ರೊಳಗೆ ತಿಳಿಸಿರಬೇಕು. ಹವಾಯಿಗಿಂತ ನಾವು ಹದಿನೈದೂವರೆ ಗಂಟೆ ಮುಂದೆ, ಹಾಗಾಗಿ ಬೆಳಗಾವಿಯಲ್ಲಿ ಅದು ಗುರುವಾರ ರಾತ್ರಿ 11:30. ಆ ಸೋಮವಾರ ಸೆಪ್ಟೆಂಬರಿನ ಕಾರ್ಮಿಕ ದಿನದ ರಜೆ ಆಗಿದ್ದರೆ ಗಡುವು ಇನ್ನೂ ಹಿಂದಕ್ಕೆ ಸರಿಯುತ್ತದೆ: ಅಲ್ಲಿ ಬುಧವಾರ ಬೆಳಿಗ್ಗೆ 8, ನಮಗೆ ಬುಧವಾರ ರಾತ್ರಿ 11:30. ನಮ್ಮಲ್ಲಿ ರಾತ್ರಿ ಪಾಳಿ ಇರುವುದು ಇಂಥದ್ದಕ್ಕೇ.

ಇನ್ನೂ ಒಂದು ಎಡವಟ್ಟು ಇದೆ. ಜೂನ್ 11ರಂದು ಹವಾಯಿಯಲ್ಲಿ ಕಮೆಹಮೆಹಾ ದಿನದ ರಜೆ. ಅದು ಆ ರಾಜ್ಯದ ರಜೆ ಮಾತ್ರ, ಇಡೀ ಅಮೆರಿಕದ್ದಲ್ಲ. ನವೆಂಬರ್ 1ರಂದು ಚೆನ್ನಮ್ಮ ವೃತ್ತದಲ್ಲಿ ನಾವೆಲ್ಲ ಕುಣಿಯುವಾಗ ದಿಲ್ಲಿಯಲ್ಲಿ ರಜೆ ಇರುವುದಿಲ್ಲ, ಅಲ್ವಾ? ಹಾಗಾಗಿ ಜೂನ್ 11 ಲೆಕ್ಕಕ್ಕೆ ಸೇರುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಎರಡೂ ಬಗೆಯ ರಜೆಗೆ ಬೇರೆ ಬೇರೆ ಬಣ್ಣ ಹಾಕಿಸಿದ್ದೇನೆ. ಸಾಫ್ಟ್‌ವೇರ್ ಇದ್ದರೂ ಆ ಗೋಡೆಯನ್ನೇ ನಾನು ಹೆಚ್ಚು ನಂಬುವುದು.

ಕಾರವಾರದ ನೆಂಟರು ಫೋನ್ ಮಾಡಿದಾಗ "ಅಕ್ಕಾ, ನಮ್ಮ ಬೋಟಿಗೂ ಇದೆಲ್ಲ ಬಂತಾ?" ಅಂತ ಕೇಳುತ್ತಾರೆ. ನಮ್ಮಲ್ಲಿ ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ 1986ರ ಕಾಯ್ದೆ ನಡೆಯುತ್ತದೆ. ಅದರಾಚೆ 200 ಮೈಲಿವರೆಗೆ ಕೇಂದ್ರದ್ದು. 2025ರ ನವೆಂಬರ್‌ನಲ್ಲಿ ಬಂದ ನಿಯಮದ ಪ್ರಕಾರ ಅಲ್ಲಿಗೆ ಹೋಗುವ ಯಾಂತ್ರೀಕೃತ ಬೋಟುಗಳು ಸರ್ಕಾರದ ರಿಯಲ್‌ಕ್ರಾಫ್ಟ್ ಪೋರ್ಟಲ್‌ನಲ್ಲಿ ಆಕ್ಸೆಸ್ ಪಾಸ್, ಅಂದರೆ ಅಲ್ಲಿ ಮೀನು ಹಿಡಿಯುವ ಅನುಮತಿ, ಪಡೆಯಬೇಕು. ಶುಲ್ಕ ಇಲ್ಲ. ಸಣ್ಣ ಸಾಂಪ್ರದಾಯಿಕ ದೋಣಿಗಳಿಗೆ ಪಾಸೂ ಬೇಡ.

ಬೋಟ್ ಮಾರಾಟವಾಯಿತು ಅಂತ ಮೇಲ್ ಬಂದ ದಿನ ನಮ್ಮ ಹುಡುಗರು ಈಗ ಮೂರು ರಾಶಿ ಮಾಡುತ್ತಾರೆ. ಬೋಟಿನ ಜೊತೆ ಹೋಗುವ ಕಾಗದ, ಹಳೆ ಮಾಲೀಕರ ಬಳಿಯೇ ಉಳಿಯುವ ಕಾಗದ, ಹೊಸದಾಗಿ ಅರ್ಜಿ ಹಾಕಬೇಕಾದ್ದು. ಅಂತರರಾಷ್ಟ್ರೀಯ ಸಮುದ್ರದ ಪರ್ಮಿಟ್ ಯಾವಾಗಲೂ ಮೂರನೇ ರಾಶಿಗೆ. ಇನ್ನೂ 4 ವರ್ಷ ಬಾಕಿ ಇದೆಯಲ್ಲ ಅಂತ ಖರೀದಿದಾರರು ಕೇಳಿಯೇ ಕೇಳುತ್ತಾರೆ. ಇದ್ದರೂ ಅದು ಅವರದಲ್ಲ.