ಹತ್ತು ಸಾವಿರ ಕಟ್ಟಿದರೆ ಮುಗಿಯಿತಲ್ಲ, ವಕೀಲರು ಯಾಕೆ?

ಡ್ರಂಕ್ ಅಂಡ್ ಡ್ರೈವ್ ಕೇಸಿನಲ್ಲಿ ಸಿಕ್ಕಿಬಿದ್ದವರು, ಅವರಿಗಿಂತ ಹೆಚ್ಚಾಗಿ ಅವರ ಮನೆಯವರು, ಕೇಳುವ ಪ್ರಶ್ನೆ ಇದು. ಮುಗಿಯುವುದಿಲ್ಲ ಎಂಬುದೇ ಉತ್ತರ.

ಹೆಲ್ಮೆಟ್ ಹಾಕದಿದ್ದರೆ ರಸ್ತೆಯಲ್ಲೇ ದಂಡ ಕಟ್ಟಿ, ರಸೀದಿ ಪಡೆದು ಹೊರಡಬಹುದು. ಮೋಟಾರು ವಾಹನ ಕಾಯ್ದೆ 1988ರ ಕಲಂ 200 ಅಂಥ ತಪ್ಪುಗಳನ್ನು ಅಲ್ಲೇ ರಾಜಿ ಮಾಡಿಕೊಳ್ಳಲು ಬಿಡುತ್ತದೆ. ಕುಡಿದು ಓಡಿಸುವುದಕ್ಕೆ ಅನ್ವಯಿಸುವ ಕಲಂ 185 ಆ ಪಟ್ಟಿಯಲ್ಲಿಲ್ಲ. ಯಾರಾದರೂ ‘ಇಲ್ಲೇ ಕೊಟ್ಟುಬಿಡಿ’ ಎಂದರೆ ಅದು ದಂಡವಲ್ಲ, ಏನೆಂದು ನಿಮಗೇ ಗೊತ್ತು. ಇದು ಕ್ರಿಮಿನಲ್ ಕೇಸು, ತೀರ್ಮಾನವಾಗುವುದು ಕೋರ್ಟಿನಲ್ಲೇ. ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, 15,000 ದಂಡ ಅಥವಾ ಎರಡೂ. 2019ರ ತಿದ್ದುಪಡಿಯಿಂದ ಬಂದ ಮೊತ್ತಗಳಿವು.

ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಇಳಿಸಬಲ್ಲದು. ಕಾಫಿ, ತಣ್ಣೀರ ಸ್ನಾನ, ಮಜ್ಜಿಗೆ ಯಾವುದೂ ಆ ವೇಗ ಹೆಚ್ಚಿಸದು. ರಾತ್ರಿ ಚೆನ್ನಾಗಿ ಕುಡಿದು ಮಲಗಿದವರು ಬೆಳಿಗ್ಗೆ ಸಿಕ್ಕಿಬೀಳುವುದು ಹೀಗೆಯೇ.

ಊದುವ ಯಂತ್ರ ಅಳೆಯುವುದು ಉಸಿರನ್ನು. ಅದರಿಂದ ರಕ್ತದಲ್ಲಿರುವ ಆಲ್ಕೋಹಾಲ್ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಆಗತಾನೇ ಒಂದು ಗುಟುಕು ಕುಡಿದಿದ್ದರೆ ಅಥವಾ ಮೌತ್‌ವಾಶ್ ಬಳಸಿದ್ದರೆ ಬಾಯಲ್ಲುಳಿದ ಆಲ್ಕೋಹಾಲ್ ಅಂಕಿಯನ್ನು ಏರಿಸುತ್ತದೆ. 15 ನಿಮಿಷ ಬಿಟ್ಟು ಮತ್ತೆ ಊದಿಸಲು ಕೇಳಿ. ಊದುಕೊಳವೆ ಹೊಸದಿರಲಿ. ಯಂತ್ರ ಕೊಡುವ ಚೀಟಿಯ ಫೋಟೊ ತೆಗೆದುಕೊಳ್ಳಿ: ಸಮಯ, ಅಂಕಿ, ಯಂತ್ರದ ಸಂಖ್ಯೆ ಕಾಣಬೇಕು. ಮುಂದೆ ವಕೀಲರು ಮೊದಲು ಕೇಳುವುದು ಈ ಚೀಟಿಯನ್ನೇ. ಊದುವುದಿಲ್ಲ ಎಂದು ಹಟ ಹಿಡಿಯಬೇಡಿ. ಸಕಾರಣವಿಲ್ಲದೆ ನಿರಾಕರಿಸಿದರೆ ಅದನ್ನು ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಪೂರಕವೆಂದು ಕಲಂ 205ರಡಿ ಪರಿಗಣಿಸಬಹುದು.

ಬಂಧಿಸಿದರೆ ಗಡಿಯಾರ ನೋಡಿಕೊಳ್ಳಿ. ಕಲಂ 202ರ ಪ್ರಕಾರ 2 ಗಂಟೆಯೊಳಗೆ ವೈದ್ಯಕೀಯ ತಪಾಸಣೆ ಆಗಬೇಕು, ಇಲ್ಲವಾದರೆ ನಿಮ್ಮನ್ನು ಬಿಡಬೇಕು. ಬಿಡುಗಡೆಯಾದ ಮಾತ್ರಕ್ಕೆ ಕೇಸು ಬಿದ್ದುಹೋಯಿತೆಂದಲ್ಲ; ಈ ತಪ್ಪುತಿಳಿವಳಿಕೆ ಬಹಳ ಜನರಲ್ಲಿದೆ. ಇದು ಜಾಮೀನು ಸಿಗುವ ಅಪರಾಧ, ಠಾಣೆಯಲ್ಲೇ ಜಾಮೀನು ಕೇಳುವುದು ನಿಮ್ಮ ಹಕ್ಕು. ಬಂಧನಕ್ಕೆ ಕಾರಣ ತಿಳಿಸಬೇಕು, ಮನೆಯವರಿಗೂ ಸುದ್ದಿ ಮುಟ್ಟಿಸಬೇಕು. ಡಿ.ಎಲ್. ತೆಗೆದುಕೊಂಡರೆ ಸ್ವೀಕೃತಿ ಪತ್ರ ಪಡೆಯದೆ ಬರಬೇಡಿ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ.

ಎಡವಟ್ಟಾಗುವುದು ಕೋರ್ಟಿನಲ್ಲಿ. ಬೇಗ ಮುಗಿಯಲೆಂದು ‘ತಪ್ಪಾಯಿತು ಸ್ವಾಮಿ’ ಎಂದು ಒಪ್ಪಿಕೊಂಡುಬಿಡುತ್ತಾರೆ. ಅಲ್ಲಿಗೆ ಅಪರಾಧ ಸಾಬೀತಾದಂತೆ. ಮೇಲ್ಮನವಿಯಲ್ಲಿ ಆಮೇಲೆ ಉಳಿಯುವುದು ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯ ವಾದವಷ್ಟೇ. ಕಲಂ 20ರಡಿ ಕನಿಷ್ಠ 6 ತಿಂಗಳ ಚಾಲನಾ ಅನರ್ಹತೆಯೂ ಬರುತ್ತದೆ. ಕ್ಯಾಬ್, ಲಾರಿ ಓಡಿಸುವವರಿಗೆ ಹತ್ತು ಸಾವಿರಕ್ಕಿಂತ ದೊಡ್ಡ ಹೊಡೆತ ಇದೇ. ಕೋರ್ಟಿನದಲ್ಲದೆ ಆರ್‌ಟಿಒ ಕ್ರಮ ಬೇರೆ. ಅಲ್ಲಿಂದ ನೋಟಿಸ್ ಬಂದರೆ ಉತ್ತರಿಸದೆ ಕೂರಬೇಡಿ.

ಹಾಗೆಂದು ಎಲ್ಲ ಕೇಸನ್ನೂ ಹೋರಾಡಿ ಎನ್ನುತ್ತಿಲ್ಲ. ಚೀಟಿಯಲ್ಲಿ 140 ಇದ್ದು ಕಾಗದಪತ್ರ ಸರಿಯಿದ್ದರೆ ವರ್ಷಗಟ್ಟಲೆ ಅಲೆಯುವುದು ವ್ಯರ್ಥ. ಅಲ್ಲಿ ವಕೀಲರ ಕೆಲಸ ಜೈಲು ತಪ್ಪಿಸಿ ದಂಡಕ್ಕೆ ನಿಲ್ಲಿಸುವುದು. 34 ಎಂದಿದ್ದು, ಎರಡನೇ ಸಲ ಊದಿಸಿಲ್ಲ, ತಪಾಸಣೆಯ ದಾಖಲೆಯೂ ಇಲ್ಲ ಎಂದರೆ ಕಥೆಯೇ ಬೇರೆ.

ಯಾರಿಗಾದರೂ ಗಾಯವಾಗಿದ್ದರೆ, ಸಾವಾಗಿದ್ದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 106ರಡಿ ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ ಶಿಕ್ಷೆಯಿದೆ, ಕೊಲೆಯಲ್ಲದ ನರಹತ್ಯೆಯ ಕಲಂ 105 ಹಾಕಿದರೆ ಠಾಣೆಯಲ್ಲಿ ಜಾಮೀನು ಸಿಗದು. ನಿಮ್ಮ ಗಾಡಿಯ ರಿಪೇರಿಗೆ ವಿಮಾ ಕಂಪನಿಯೂ ಕೈ ಎತ್ತುತ್ತದೆ. ಆಗ ತಡಮಾಡದೆ ಕ್ರಿಮಿನಲ್ ವಕೀಲರನ್ನೇ ಹಿಡಿಯಿರಿ.

ಶುಲ್ಕ ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಯಾರ ಬಳಿ ಹೋದರೂ ಚೀಟಿ, ನೋಟಿಸ್, ಸ್ವೀಕೃತಿ ಜೊತೆಗಿರಲಿ. ಎಷ್ಟು ಹೊತ್ತಿಗೆ ಎಷ್ಟು ಕುಡಿದಿರಿ ಎಂಬುದನ್ನು ಅವರ ಹತ್ತಿರವಾದರೂ ನಿಜ ಹೇಳಿ.